ಸ್ಟಾರ್ಟಪ್‌ನಲ್ಲಿ ಪಾಲು ಕೊಳ್ಳೋದು ಸುಲಭ, ದುಡ್ಡು ಹೊರಗೆ ಬರೋದು ಹೇಗೆ?

2021ರ ಮಾರ್ಚ್ 15ರಂದು ಅಮೆರಿಕದ ಗಮ್‌ರೋಡ್ ಎಂಬ ಕಂಪನಿ ತನ್ನ ಪಾಲನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಇಟ್ಟಿತು. ಇ-ಪುಸ್ತಕ, ಕೋರ್ಸು, ಚಿತ್ರ ಇಂಥವನ್ನು ಮಾಡಿದವರೇ ನೇರವಾಗಿ ಮಾರಲು ಜಾಗ ಕೊಡುವ ಚಿಕ್ಕ ಕಂಪನಿ ಅದು. ಶೇರುಪೇಟೆಯಲ್ಲಿ ಲಿಸ್ಟ್ ಆಗಿರಲಿಲ್ಲ. ಆದರೂ ಅರ್ಧ ದಿನದೊಳಗೆ 50 ಲಕ್ಷ ಡಾಲರ್ ಕೊಡಲು ಜನ ಮುಂದೆ ಬಂದರು. ಅವರು ಏಳು ಸಾವಿರಕ್ಕೂ ಜಾಸ್ತಿ ಮಂದಿ. ದೊಡ್ಡ ದೊಡ್ಡ ಫಂಡುಗಳಲ್ಲ, ಸಂಬಳ ತಗೊಂಡು ಬದುಕುವವರೂ ಅದರಲ್ಲಿದ್ದರು.

ಆ ದಿನವೇ ಯಾಕೆ? ಯಾಕಂದ್ರೆ ಅಮೆರಿಕದ ಕಾನೂನು ಅವತ್ತೇ ಬದಲಾಯಿತು. ಅಲ್ಲಿಯವರೆಗೆ ಹೀಗೆ ಜನರಿಂದ ಒಂದು ವರ್ಷದಲ್ಲಿ 10.7 ಲಕ್ಷ ಡಾಲರ್ ಮಾತ್ರ ಎತ್ತಬಹುದಿತ್ತು. ಅವತ್ತು ಆ ಮಿತಿ 50 ಲಕ್ಷಕ್ಕೆ ಏರಿತು.

ಹೀಗೆ ತುಂಬಾ ಜನರಿಂದ ದುಡ್ಡು ಸೇರಿಸಿ, ಬದಲಿಗೆ ಕಂಪನಿಯ ಪಾಲು ಕೊಡೋದಕ್ಕೆ ಈಕ್ವಿಟಿ ಕ್ರೌಡ್‌ಫಂಡಿಂಗ್ ಅಂತಾರೆ. ನಮ್ಮಲ್ಲಿ ಕ್ರೌಡ್‌ಫಂಡಿಂಗ್ ಅಂದ ಕೂಡಲೇ ಆಸ್ಪತ್ರೆ ಖರ್ಚಿಗೆ ದುಡ್ಡು ಸೇರಿಸುವ ಮಿಲಾಪ್, ಕೆಟ್ಟೊ ನೆನಪಿಗೆ ಬರುತ್ತವೆ. 2012-13ರ ಸುಮಾರಿಗೆ ಕನ್ನಡದ ಸಿನಿಮಾವೊಂದಕ್ಕೆ ನೋಡುಗರೇ ದುಡ್ಡು ಹಾಕಿದ್ದೂ ಹಲವರಿಗೆ ಗೊತ್ತು. ಆಸ್ಪತ್ರೆಗೆ ಕೊಟ್ಟದ್ದು ದಾನ. ಸಿನಿಮಾಕ್ಕೆ ಹಾಕಿದ್ದು ಒಂದು ಕೆಲಸಕ್ಕೆ ಕೊಟ್ಟ ಬಂಡವಾಳ. ಕಂಪನಿಯ ಪಾಲು ಕೊಳ್ಳೋದು ಇವೆರಡಕ್ಕಿಂತ ಬೇರೆ. ಸಿನಿಮಾ ಒಂದು ದಿನ ಬಿಡುಗಡೆ ಆಗುತ್ತೆ, ಲೆಕ್ಕ ಮುಗಿಯುತ್ತೆ. ಕಂಪನಿಗೆ ಅಂಥ ದಿನ ಇಲ್ಲ. ಈ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಈ ಮಾತಿಗೆ ಮತ್ತೆ ಬರ್ತೀನಿ.

ಬಾಗಿಲು ಮೊದಲು ಯಾಕೆ ಮುಚ್ಚಿತ್ತು

1929ರಲ್ಲಿ ಅಮೆರಿಕದ ಶೇರುಪೇಟೆ ಕುಸಿದು ಲಕ್ಷಾಂತರ ಜನ ಬೀದಿಗೆ ಬಂದರು. ಅದಾದ ಮೇಲೆ 1933ರಲ್ಲಿ ಒಂದು ಕಾನೂನು ಬಂತು. ಜನರಿಗೆ ಶೇರು ಮಾರಬೇಕು ಅಂದ್ರೆ ಮೊದಲು ಸರ್ಕಾರದಲ್ಲಿ ನೋಂದಣಿ ಮಾಡಿಸಿ, ಕಂಪನಿಯ ಒಳಗಿನ ಲೆಕ್ಕವನ್ನೆಲ್ಲ ಬಿಚ್ಚಿಡಬೇಕು. ಇದಕ್ಕೆ ವಕೀಲರು, ಆಡಿಟರ್‌ಗಳು ಬೇಕು, ಖರ್ಚು ತುಂಬಾ. ಸಣ್ಣ ಕಂಪನಿಗೆ ಆಗದ ಮಾತು.

ನೋಂದಣಿ ಬೇಡ ಅನ್ನೋದಾದ್ರೆ ಶ್ರೀಮಂತರ ಹತ್ತಿರ ಮಾತ್ರ ಹೋಗಬೇಕಿತ್ತು ಅಂತಲೇ ಹೇಳಬಹುದು. ಶ್ರೀಮಂತರು ಅಂದ್ರೆ ಯಾರು ಅಂತಲೂ ಲೆಕ್ಕ ಇದೆ. ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ, ಅಥವಾ ಗಂಡ-ಹೆಂಡತಿ ಇಬ್ಬರದ್ದೂ ಸೇರಿ 3 ಲಕ್ಷ, ಅದೂ ಇಲ್ಲದಿದ್ದರೆ ಸ್ವಂತ ಮನೆ ಬಿಟ್ಟು 10 ಲಕ್ಷ ಡಾಲರ್ ಆಸ್ತಿ. ಇವರು ದುಡ್ಡು ಕಳೆದುಕೊಂಡರೂ ತಡ್ಕೋತಾರೆ ಅನ್ನೋದು ಇದರ ಹಿಂದಿನ ಯೋಚನೆ. ಆದರೆ ಇದರಿಂದ ಇನ್ನೊಂದೂ ಆಯಿತು. ಕಂಪನಿ ಚಿಕ್ಕದಾಗಿದ್ದಾಗ ಅಗ್ಗದಲ್ಲಿ ಪಾಲು ಕೊಳ್ಳುವ ಅವಕಾಶ ಹಣವಂತರಿಗೆ ಮಾತ್ರ ಉಳಿಯಿತು. ಕಂಪನಿ ಮೊದಲ ಸಲ ಶೇರುಪೇಟೆಗೆ ಬರುವ, ಅಂದ್ರೆ ಐಪಿಒ ಹೊತ್ತಿಗೆ ಬೆಲೆ ಮುಗಿಲಿಗೆ ಏರಿರುತ್ತೆ, ಆಗ ಉಳಿದವರು ಕೊಳ್ಳಬೇಕು. ಇದು ಸರಿಯಲ್ಲ ಅನ್ನುವ ಕೂಗು 2008ರ ಆರ್ಥಿಕ ಕುಸಿತದ ನಂತರ ಜೋರಾಯಿತು. ಬ್ಯಾಂಕುಗಳು ಸಣ್ಣ ಕಂಪನಿಗಳಿಗೆ ಸಾಲ ಕೊಡೋದನ್ನೂ ಬಿಗಿ ಮಾಡಿದ್ದವು. 2012ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಒಬಾಮ, ಸಣ್ಣ ಕಂಪನಿಗಳು ಜನರಿಂದ ಬಂಡವಾಳ ಎತ್ತಲು ದಾರಿ ಮಾಡುವ ಜಾಬ್ಸ್ ಕಾಯ್ದೆಗೆ ಸಹಿ ಹಾಕಿದರು. ಅದರ ನಿಯಮಗಳು ತಯಾರಾಗಿ ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 2016ರ ಮೇ 16ಕ್ಕೆ.

ಬ್ರಿಟನ್ ಇದಕ್ಕಿಂತ ಮುಂಚೆಯೇ ಶುರು ಮಾಡಿತ್ತು. ಅಲ್ಲಿ ಕ್ರೌಡ್‌ಕ್ಯೂಬ್ ಎಂಬ ಇಂಥ ಆನ್‌ಲೈನ್ ವೇದಿಕೆ 2011ರಿಂದ ಇದೆ. 2016ರಲ್ಲಿ ಈಗಿನ ಮಾಂಜೊ ಬ್ಯಾಂಕ್ ಅದೇ ವೇದಿಕೆಯಲ್ಲಿ 96 ಸೆಕೆಂಡಿಗೆ 10 ಲಕ್ಷ ಪೌಂಡ್ ಎತ್ತಿತು.

ಒಳಗೆ ನಡೆಯೋದು ಏನು

ಅಮೆರಿಕದ ಪದ್ಧತಿಯನ್ನೇ ಹಿಡಿದು ನೋಡೋಣ. ಅಲ್ಲಿನ ನಿಯಮಗಳು ತುಂಬಾ ಸ್ಪಷ್ಟವಾಗಿವೆ, ಯಾರು ಬೇಕಾದರೂ ಓದಬಹುದು. ನ್ಯೂಜೆರ್ಸಿಯಲ್ಲಿ ದೋಸೆ ಹಿಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಒಂದು ಕಂಪನಿ ಇದೆ ಅಂದ್ಕೊಳ್ಳಿ. ಅದಕ್ಕೆ ಹೊಸ ಗ್ರೈಂಡರ್‌, ಕೋಲ್ಡ್ ಸ್ಟೋರೇಜ್ ಬೇಕು. 5 ಲಕ್ಷ ಡಾಲರ್ ಬೇಕು.

ಕಂಪನಿ ತನ್ನ ವೆಬ್‌ಸೈಟಿನಲ್ಲಿ ತಾನೇ ಶೇರು ಮಾರುವಂತಿಲ್ಲ. ವಿಫಂಡರ್, ಸ್ಟಾರ್ಟ್‌ಎಂಜಿನ್, ರಿಪಬ್ಲಿಕ್ ಥರದ ನೋಂದಾಯಿತ ವೇದಿಕೆ ಮೂಲಕವೇ ಹೋಗಬೇಕು. ವೇದಿಕೆಗೆ ಬಂದ ದುಡ್ಡಿನಲ್ಲಿ ಕಮಿಷನ್ ಇರುತ್ತೆ. ಇದನ್ನು ಮನಸ್ಸಿನಲ್ಲಿ ಇಟ್ಕೊಳ್ಳಿ. ದುಡ್ಡು ಜಾಸ್ತಿ ಬಂದಷ್ಟೂ ವೇದಿಕೆಗೆ ಲಾಭ, ಕಂಪನಿ ಆಮೇಲೆ ಏನಾಯಿತು ಅನ್ನೋದರಿಂದ ಅದರ ಕಮಿಷನ್ ಕಮ್ಮಿ ಆಗೋದಿಲ್ಲ.

ಮಾರಾಟಕ್ಕೆ ಮೊದಲು ಕಂಪನಿ ಫಾರ್ಮ್ ಸಿ ಅನ್ನುವ ಅರ್ಜಿಯನ್ನು ಎಸ್‌ಇಸಿಗೆ ಸಲ್ಲಿಸಬೇಕು. ಶೇರುಪೇಟೆಯ ಮೇಲೆ ಕಣ್ಣಿಡಲು ನಮ್ಮಲ್ಲಿ ಸೆಬಿ ಇದ್ದ ಹಾಗೆ ಅಲ್ಲಿ ಎಸ್‌ಇಸಿ. ಆ ಅರ್ಜಿಯಲ್ಲಿ ಕಂಪನಿಯ ವ್ಯಾಪಾರ, ಸಾಲ, ಯಾರ ಹತ್ತಿರ ಎಷ್ಟು ಪಾಲು ಇದೆ, ಬಂದ ದುಡ್ಡನ್ನು ಯಾವುದಕ್ಕೆ ಹಾಕ್ತಾರೆ, ಏನೆಲ್ಲ ಅಪಾಯ ಇದೆ ಎಲ್ಲವೂ ಇರಬೇಕು. ಲೆಕ್ಕಪತ್ರ ಎಷ್ಟು ಗಟ್ಟಿ ಇರಬೇಕು ಅನ್ನೋದು ಎತ್ತುವ ಮೊತ್ತದ ಮೇಲೆ ನಿಂತಿದೆ. 1.24 ಲಕ್ಷ ಡಾಲರ್‌ವರೆಗೆ ಕಂಪನಿಯ ಮುಖ್ಯಸ್ಥರೇ ಸರಿಯಿದೆ ಅಂತ ಸಹಿ ಹಾಕಿದರೆ ಸಾಕು. ಅದಕ್ಕಿಂತ ಮೇಲೆ, 6.18 ಲಕ್ಷದವರೆಗೆ, ಹೊರಗಿನ ಅಕೌಂಟೆಂಟ್ ಪರಿಶೀಲಿಸಬೇಕು. ಅದಕ್ಕೂ ಮೇಲೆ ಹೋದರೆ ಪೂರ್ತಿ ಆಡಿಟ್. ಮೊದಲ ಸಲ ಬಂದವರಿಗೆ ಮಾತ್ರ 12.35 ಲಕ್ಷದವರೆಗೆ ಇದರಲ್ಲಿ ಸಡಿಲಿಕೆ ಇದೆ. ನಮ್ಮ ದೋಸೆ ಹಿಟ್ಟಿನ ಕಂಪನಿ 5 ಲಕ್ಷ ಕೇಳ್ತಿರೋದರಿಂದ ಪರಿಶೀಲನೆ ಸಾಕು, ಆಡಿಟ್ ಬೇಡ. ಪರಿಶೀಲನೆಗೂ ಆಡಿಟ್‌ಗೂ ತುಂಬಾ ವ್ಯತ್ಯಾಸ ಇದೆ. ಆಡಿಟ್‌ನಲ್ಲಿ ಗೋಡೌನ್‌ನಲ್ಲಿ ಸರಕು ನಿಜಕ್ಕೂ ಇದೆಯಾ, ಬ್ಯಾಂಕಿನಲ್ಲಿ ದುಡ್ಡು ಇದೆಯಾ ಅಂತ ತಾಳೆ ನೋಡ್ತಾರೆ. ಪರಿಶೀಲನೆಯಲ್ಲಿ ಹೆಚ್ಚಾಗಿ ಪ್ರಶ್ನೆ ಕೇಳಿ, ಅಂಕಿ ಒಂದಕ್ಕೊಂದು ಹೊಂದುತ್ತಾ ಅಂತ ನೋಡ್ತಾರೆ ಅಷ್ಟೆ.

ಇನ್ನೊಂದು ಮಾತು. ಎಸ್‌ಇಸಿಗೆ ಅರ್ಜಿ ಹೋಗಿದೆ ಅಂದ್ರೆ ಎಸ್‌ಇಸಿ ಒಪ್ಪಿದೆ ಅಂತ ಅರ್ಥ ಅಲ್ಲ. ಕಂಪನಿ ಒಳ್ಳೇದಾ, ಬೆಲೆ ಸರಿಯಾ ಅಂತ ಸರ್ಕಾರ ನೋಡೋದೇ ಇಲ್ಲ.

ಫಾರ್ಮ್ ಸಿ ಹಾಕಿ ಕನಿಷ್ಠ 21 ದಿನ ಕಳೆಯುವವರೆಗೆ ಶೇರು ಕೊಡುವಂತಿಲ್ಲ. ಜನ ಓದಲಿ, ಪ್ರಶ್ನೆ ಕೇಳಲಿ ಅಂತ. ಗಮ್‌ರೋಡ್‌ಗೆ ಅರ್ಧ ದಿನದಲ್ಲಿ ಸಿಕ್ಕಿದ್ದು ಒಪ್ಪಿಗೆ ಮಾತ್ರ. ಈ ನಡುವೆ ಜನ ಹಾಕಿದ ದುಡ್ಡು ಕಂಪನಿ ಕೈಗೆ ಹೋಗೋದಿಲ್ಲ, ಮೂರನೆಯವರ ಹತ್ತಿರ ಎಸ್ಕ್ರೋ ಖಾತೆಯಲ್ಲಿ ಕೂತಿರುತ್ತೆ. ಕಂಪನಿ ಹೇಳಿದ ಕನಿಷ್ಠ ಗುರಿ ಮುಟ್ಟದಿದ್ದರೆ ಎಲ್ಲರಿಗೂ ವಾಪಸ್. ಗಡುವಿಗೆ 48 ಗಂಟೆ ಬಾಕಿ ಇರುವವರೆಗೆ ಯಾವಾಗ ಬೇಕಾದರೂ ನೀವು ಮನಸ್ಸು ಬದಲಿಸಬಹುದು. ಈ ಮೂರು ನಿಯಮ ನನಗೆ ತುಂಬಾ ಇಷ್ಟ. ಸಣ್ಣವರ ಪರವಾಗಿ ಯಾರೋ ಕೂತು ಯೋಚನೆ ಮಾಡಿದ್ದು ಕಾಣುತ್ತೆ.

ಯಾರು ಎಷ್ಟು ಹಾಕಬಹುದು ಅನ್ನೋದಕ್ಕೂ ಕಡಿವಾಣ ಇದೆ. ವರ್ಷಕ್ಕೆ 80,000 ಡಾಲರ್ ಸಂಬಳದ, 50,000 ಡಾಲರ್ ಉಳಿತಾಯದ ಹುಡುಗಿಯೊಬ್ಬಳು 12 ತಿಂಗಳಲ್ಲಿ ಇಂಥ ಎಲ್ಲ ಕಂಪನಿಗಳೂ ಸೇರಿ 4,000 ಡಾಲರ್ ಮಾತ್ರ ಹಾಕಬಹುದು. ಆದಾಯ, ಆಸ್ತಿ ಎರಡರಲ್ಲಿ ಯಾವುದು ದೊಡ್ಡದೋ ಅದರ ಶೇ 5. ಎರಡೂ 1.24 ಲಕ್ಷಕ್ಕಿಂತ ಮೇಲಿದ್ದರೆ ಶೇ 10. ತೀರಾ ಕಮ್ಮಿ ಆದಾಯದವರೂ 2,500 ಡಾಲರ್‌ವರೆಗೆ ಹಾಕಬಹುದು. ಆದರೆ ಆದಾಯ ಎಷ್ಟು ಅಂತ ಹೇಳೋದು ನೀವೇ. ಸುಳ್ಳು ಹೇಳಿದರೆ ನಷ್ಟವೂ ನಿಮ್ಮದೇ.

ಕೈಗೆ ಬರೋದು ಯಾವ ಕಾಗದ

ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದು. ಆದರೆ ಜಾಹೀರಾತಿನ ವಿಡಿಯೋದಲ್ಲಿ ಇದರ ಮಾತೇ ಇರೋದಿಲ್ಲ. ಸಂಸ್ಥಾಪಕರು ನಗ್ತಾ ಮಾತಾಡ್ತಾರೆ, ಗ್ರಾಹಕರು ಹೊಗಳ್ತಾರೆ, ಕೆಳಗೆ ಒಂದು ಬಟನ್. ಬಟನ್ ಒತ್ತಿದ ಮೇಲೆ ನಿಮಗೆ ಸಿಗೋದು ಶೇರೇ ಆಗಿರಬೇಕು ಅಂತೇನಿಲ್ಲ.

ಹಲವು ಕಡೆ ಸಿಗೋದು ಸೇಫ್ ಅನ್ನುವ ಒಪ್ಪಂದ. ಇದನ್ನು 2013ರಲ್ಲಿ ಕ್ಯಾಲಿಫೋರ್ನಿಯಾದ ವೈ ಕಾಂಬಿನೇಟರ್ ಎಂಬ, ಸ್ಟಾರ್ಟಪ್‌ಗಳಿಗೆ ಶುರುವಿನಲ್ಲೇ ಬಂಡವಾಳ ಕೊಡುವ ಸಂಸ್ಥೆ ರೂಪಿಸಿತು. ಮುಂದೆ ದೊಡ್ಡ ಹೂಡಿಕೆದಾರರು ಬಂದು ಕಂಪನಿಗೆ ಬೆಲೆ ಕಟ್ಟಿದಾಗ ನಿಮ್ಮ ದುಡ್ಡು ಶೇರಾಗಿ ಬದಲಾಗುತ್ತೆ ಅನ್ನುವ ಮಾತು ಅದು. ಸಾಲ ಅಲ್ಲ, ಬಡ್ಡಿ ಇಲ್ಲ, ವಾಪಸ್ ಕೊಡುವ ತಾರೀಖು ಇಲ್ಲ. ದೊಡ್ಡ ಹೂಡಿಕೆದಾರರು ಬರದೇ ಹೋದರೆ? ಆ ಕಾಗದ ಹಾಗೇ ಕೂತಿರುತ್ತೆ. ಇದನ್ನು ಮಾಡಿದ್ದು ಸಿಲಿಕಾನ್ ವ್ಯಾಲಿಯ ಸ್ಟಾರ್ಟಪ್‌ಗಳಿಗೆ. ಅಲ್ಲಿ ಮುಂದಿನ ಸುತ್ತಿನ ಬಂಡವಾಳ ಬಂದೇ ಬರುತ್ತೆ ಅನ್ನೋ ನಂಬಿಕೆ ಇತ್ತು. ಒಂದು ಬೇಕರಿಯೋ ದೋಸೆ ಹಿಟ್ಟಿನ ಕಂಪನಿಯೋ ಮುಂದಿನ ಸುತ್ತೇ ಇಲ್ಲದೆ ಲಾಭದಲ್ಲಿ ನಡೆದುಕೊಂಡು ಹೋಗಬಹುದು. ಆಗ ಸೇಫ್ ಹಿಡಿದವರಿಗೆ ಶೇರೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಇಂಥ ಕಂಪನಿ ಸೇಫ್ ಕೊಡ್ತೀನಿ ಅಂದ್ರೆ ನಾನಂತೂ ಅಲ್ಲೇ ನಿಲ್ತೀನಿ.

ಶೇರೇ ಸಿಕ್ಕಿದರೂ ಸಾಲಿನಲ್ಲಿ ನಿಮ್ಮ ಮುಂದೆ ಯಾರಿದ್ದಾರೆ ಅಂತ ನೋಡಬೇಕು. ಲೆಕ್ಕ ಹಾಕೋಣ ಬನ್ನಿ. ಬಂದ ದುಡ್ಡೂ ಸೇರಿ ಕಂಪನಿಗೆ 80 ಲಕ್ಷ ಡಾಲರ್ ಬೆಲೆ ಇದ್ದಾಗ ನೀವು 1,000 ಡಾಲರ್ ಹಾಕಿ ಸಾಮಾನ್ಯ ಶೇರು ತಗೊಂಡ್ರಿ. ಅಂದ್ರೆ ಎಂಟು ಸಾವಿರದಲ್ಲಿ ಒಂದು ಪಾಲು. ಮುಂದೆ ಸ್ಟಾರ್ಟಪ್‌ಗಳಲ್ಲಿ ದೊಡ್ಡ ಮೊತ್ತ ಹಾಕುವ ವೆಂಚರ್ ಫಂಡ್ ಒಂದು ಬಂದು 40 ಲಕ್ಷ ಹಾಕಿ ಶೇ 20 ತಗೊಳ್ತು. ಆಮೇಲೆ ಇನ್ನೊಂದು 80 ಲಕ್ಷ ಹಾಕಿ ಶೇ 20 ತಗೊಳ್ತು. ಈಗ ಕಾಗದದ ಮೇಲೆ ಕಂಪನಿಯ ಬೆಲೆ 4 ಕೋಟಿ ಡಾಲರ್. ಹೊಸ ಶೇರು ಬಂದಂತೆಲ್ಲ ನಿಮ್ಮ ಪಾಲು ತೆಳುವಾಗಿ ಹನ್ನೆರಡೂವರೆ ಸಾವಿರದಲ್ಲಿ ಒಂದಕ್ಕೆ ಇಳಿದಿದೆ. ಆದರೂ ಕಾಗದದ ಲೆಕ್ಕದಲ್ಲಿ 1,000 ಡಾಲರ್ 3,200 ಆಗಿದೆ. ಖುಷಿ ಆಗುತ್ತೆ, ಅಲ್ವಾ?

ನಂತರ ವ್ಯಾಪಾರ ಸ್ವಲ್ಪ ಕುಗ್ಗಿ ಕಂಪನಿ 2 ಕೋಟಿಗೆ ಮಾರಾಟ ಆಯಿತು. ನೀವು ಕೊಂಡಾಗ ಇದ್ದ ಬೆಲೆಯ ಎರಡೂವರೆ ಪಟ್ಟು. ಆದರೆ ಫಂಡುಗಳು ತಗೊಂಡದ್ದು ಪ್ರಿಫರೆನ್ಸ್ ಶೇರು. ಹಾಕಿದ 1.2 ಕೋಟಿಯನ್ನು ಅವರು ಮೊದಲು ಎತ್ಕೋತಾರೆ. ಉಳಿಯೋದು 80 ಲಕ್ಷ, ಅದನ್ನು ಉಳಿದವರು ಹಂಚ್ಕೋಬೇಕು. ನಿಮ್ಮ ಪಾಲಿಗೆ ಬರೋದು ಸರಿಯಾಗಿ 1,000 ಡಾಲರ್. ಕಂಪನಿ ಬೆಳೆಯಿತು, ಮಾರಾಟ ಆಯಿತು, ಇಷ್ಟು ವರ್ಷ ಕಾದದ್ದಕ್ಕೆ ನಿಮಗೆ ಒಂದು ಡಾಲರೂ ಜಾಸ್ತಿ ಬರಲಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಎಲ್ಲವೂ ಕಾಗದದಲ್ಲಿ ಬರೆದಂತೆಯೇ ನಡೆದಿದೆ.

ಇದು ಸುಮ್ನೆ ಕಟ್ಟಿದ ಲೆಕ್ಕ ಅನ್ನಿಸಿದರೆ ಸ್ಕಾಟ್ಲೆಂಡಿನ ಬ್ರೂಡಾಗ್ ಬಿಯರ್ ಕಂಪನಿಯನ್ನು ನೋಡಿ. 2009ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಅದು ತನ್ನ ಅಭಿಮಾನಿಗಳಿಗೆ ಸುತ್ತು ಸುತ್ತಾಗಿ ಶೇರು ಮಾರಿತು. ಎರಡು ಲಕ್ಷದಷ್ಟು ಜನ ಕೊಂಡರು. 2017ರಲ್ಲಿ ಅಮೆರಿಕದ ಟಿಎಸ್‌ಜಿ ಎಂಬ ಹೂಡಿಕೆ ಸಂಸ್ಥೆ ಸುಮಾರು ಶೇ 22 ಪಾಲು ತಗೊಂಡಿತು. ಕಂಪನಿಗೆ 100 ಕೋಟಿ ಪೌಂಡ್ ಬೆಲೆ ಅಂತ ದೊಡ್ಡ ಸುದ್ದಿಯಾಯಿತು. ಆದರೆ ಟಿಎಸ್‌ಜಿ ಶೇರಿನ ಷರತ್ತು ಬೇರೆಯೇ ಇತ್ತು. ಕಂಪನಿ ಮಾರಾಟ ಆದರೆ ಅವರ ದುಡ್ಡು ಮೊದಲು, ಅದೂ ವರ್ಷಕ್ಕೆ ಶೇ 18ರಂತೆ ಚಕ್ರಬಡ್ಡಿಯ ಲೆಕ್ಕದಲ್ಲಿ ಬೆಳೆದು. ಶೇ 18 ಚಕ್ರಬಡ್ಡಿ ಅಂದ್ರೆ ನಾಲ್ಕು ವರ್ಷಕ್ಕೆ ಹತ್ತಿರಹತ್ತಿರ ದುಪ್ಪಟ್ಟು, ಎಂಟು ವರ್ಷಕ್ಕೆ ಮೂರು ಮುಕ್ಕಾಲು ಪಟ್ಟು. ಅಭಿಮಾನಿಗಳು ಸಾಲಿನ ಹಿಂದೆ. ಕಂಪನಿ ಮಾರಾಟ ಆಗೋದು ತಡವಾದಷ್ಟೂ ಮುಂದಿನವರು ಎತ್ತಿಕೊಳ್ಳುವ ಮೊತ್ತ ದೊಡ್ಡದಾಗುತ್ತಾ ಹೋಗುತ್ತೆ.

ಒಳ್ಳೆಯದಾದ ಉದಾಹರಣೆಗಳೂ ಇವೆ. ಲಂಡನ್‌ನ ಕ್ಯಾಮ್ಡೆನ್ ಟೌನ್ ಬ್ರೂವರಿ 2015ರಲ್ಲಿ ಕ್ರೌಡ್‌ಕ್ಯೂಬ್‌ನಲ್ಲಿ ದುಡ್ಡು ಎತ್ತಿತು. ಅದೇ ವರ್ಷದ ಕೊನೆಗೆ ದೈತ್ಯ ಕಂಪನಿ ಎಬಿ ಇನ್‌ಬೆವ್ ಅದನ್ನು ಕೊಂಡುಕೊಂಡಿತು, ಹಾಕಿದವರಿಗೆ ಲಾಭ ಬಂತು. ಆದರೆ ಅಷ್ಟು ಬೇಗ ಹೊರಬರುವುದು ಅಪರೂಪ.

ಹೊರಬರುವ ದಾರಿಗಳೇ ಕಮ್ಮಿ. ಕಂಪನಿಯನ್ನು ಯಾರಾದರೂ ಕೊಳ್ಳಬೇಕು, ಇಲ್ಲ ಐಪಿಒ ಆಗಬೇಕು, ಇಲ್ಲ ಕಂಪನಿಯೇ ಶೇರು ವಾಪಸ್ ತಗೋಬೇಕು. ಅಮೆರಿಕದ ನಿಯಮದಲ್ಲಿ ಮೊದಲ ಒಂದು ವರ್ಷ ಬೇರೆಯವರಿಗೆ ಮಾರುವಂತೆಯೇ ಇಲ್ಲ, ಮನೆಯವರಿಗೆ ಕೊಡುವಂಥ ಕೆಲವು ಸಂದರ್ಭ ಬಿಟ್ಟು. ಆಮೇಲೆ ಮಾರಬಹುದು, ಕೊಳ್ಳುವವರು ಸಿಕ್ಕಿದರೆ. ಚೀಟಿ ಹಾಕಿದವರಿಗೆ ಕೊನೆಯ ಕಂತು ಯಾವ ತಿಂಗಳು ಅಂತ ಮೊದಲ ದಿನವೇ ಗೊತ್ತಿರುತ್ತೆ. ಇಲ್ಲಿ ಕಂಪನಿ ಕಟ್ಟಿದವರಿಗೂ ಅದು ಗೊತ್ತಿರೋದಿಲ್ಲ.

ನಮ್ಮ ದೇಶದಲ್ಲಿ?

ಇಲ್ಲಿ ಕಾನೂನು ನೇರವಾಗಿದೆ. ಭಾರತದಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮ ಶೇರು ಕೊಳ್ಳಿ ಅಂತ ಸಾರ್ವಜನಿಕರನ್ನು ಕರೆಯುವಂತಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಪ್ರೈವೇಟ್ ಕಂಪನಿ ಅಂದ್ರೆ ಏನು ಅಂತ ಹೇಳುವ ಜಾಗದಲ್ಲೇ ಈ ಮಾತಿದೆ. ಅದೇ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮೊದಲೇ ಗುರುತಿಸಿದ ಜನರಿಗೆ ಮಾತ್ರ, ಅವರವರ ಹೆಸರಿಗೆ ಪತ್ರ ಕಳಿಸಿ ಶೇರು ಕೊಡಬಹುದು. ಒಂದು ಹಣಕಾಸು ವರ್ಷದಲ್ಲಿ ಹೆಚ್ಚೆಂದರೆ 200 ಜನಕ್ಕೆ. ದೊಡ್ಡ ಸಂಸ್ಥೆಗಳು, ಸ್ಟಾಕ್ ಆಪ್ಷನ್, ಅಂದ್ರೆ ತಮ್ಮ ಕಂಪನಿಯ ಶೇರು ಕೊಳ್ಳುವ ಹಕ್ಕು ಪಡೆದ ನೌಕರರು ಈ ಲೆಕ್ಕಕ್ಕೆ ಸೇರೋದಿಲ್ಲ. ಜಾಹೀರಾತು ಕೊಡುವಂತಿಲ್ಲ, ನಗದು ತಗೊಳ್ಳುವಂತಿಲ್ಲ.

ಇಷ್ಟು ಬಿಗಿ ಯಾಕೆ ಅಂದ್ರೆ ಸಹಾರಾ ಪ್ರಕರಣ ನೆನಪಿಗೆ ತಂದ್ಕೊಳ್ಳಿ. ಆ ಗುಂಪಿನ ಎರಡು ಕಂಪನಿಗಳು ಡಿಬೆಂಚರ್, ಅಂದ್ರೆ ಸಾಲಪತ್ರದ ಹೆಸರಿನಲ್ಲಿ ಸುಮಾರು ಮೂರು ಕೋಟಿ ಜನರಿಂದ 24,000 ಕೋಟಿ ರೂಪಾಯಿಗೂ ಹೆಚ್ಚು ಎತ್ತಿದ್ದವು. ಇದು ನಮ್ಮ ಪರಿಚಯದವರ ನಡುವಿನ ಖಾಸಗಿ ವ್ಯವಹಾರ ಅನ್ನೋದು ಅವರ ವಾದ. ಆಗಿನ ಕಾನೂನಿನಲ್ಲಿ 50 ಜನ ದಾಟಿದರೆ ಅದು ಸಾರ್ವಜನಿಕ ಮಾರಾಟ. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಶೇ 15 ಬಡ್ಡಿ ಸೇರಿಸಿ ವಾಪಸ್ ಕೊಡಿ ಅಂತ ಹೇಳಿತು. ಮರುವರ್ಷ ಬಂದ ಹೊಸ ಕಾಯ್ದೆಯ ಬಿಗಿಗೆ ಈ ಹಿನ್ನೆಲೆ ಇದೆ.

2014ರ ಜೂನ್‌ನಲ್ಲಿ ಸೆಬಿ ಕ್ರೌಡ್‌ಫಂಡಿಂಗ್ ಬಗ್ಗೆ ಒಂದು ಕರಡು ಚರ್ಚಾಪತ್ರ ಹೊರಡಿಸಿತು. ಅದು ನಿಯಮವಾಗಿ ಬರಲೇ ಇಲ್ಲ. ಬದಲಿಗೆ 2016ರ ಆಗಸ್ಟ್ 30ರಂದು ಎಚ್ಚರಿಕೆ ಕೊಟ್ಟಿತು: ಆನ್‌ಲೈನ್‌ನಲ್ಲಿ ಶೇರು ಮಾರಿಸುವ ಇಂಥ ವೇದಿಕೆಗಳಿಗೆ ನಮ್ಮ ಅನುಮತಿ ಇಲ್ಲ. ಲಿಸ್ಟ್ ಆಗದ ಶೇರಿನ ವೇದಿಕೆಗಳ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಮತ್ತೆ ಎಚ್ಚರಿಸಿತು.

ಆದರೂ ಇನ್‌ಸ್ಟಾಗ್ರಾಂನಲ್ಲಿ, ವಾಟ್ಸಾಪ್ ಗುಂಪಿನಲ್ಲಿ '5,000 ರೂಪಾಯಿಗೆ ಸ್ಟಾರ್ಟಪ್ ಮಾಲೀಕರಾಗಿ' ಅನ್ನುವಂಥ ಜಾಹೀರಾತು ಕಾಣುತ್ತಲ್ಲ? ಅದರಲ್ಲಿ ಕೆಲವು ಶೇರನ್ನೇ ಕೊಡೋದಿಲ್ಲ. ಕಮ್ಯುನಿಟಿ ಸ್ಟಾಕ್ ಆಪ್ಷನ್ ಅನ್ನೋ ಥರದ ಹೆಸರಿನ ಒಪ್ಪಂದ ಕೊಡ್ತಾರೆ. ಮುಂದೆ ಕಂಪನಿಗೆ ದೊಡ್ಡ ದುಡ್ಡು ಬಂದಾಗ ಬೆಲೆ ಏರಿದಷ್ಟು ಕೊಡ್ತೀವಿ ಅನ್ನುವ ಮಾತು ಅಷ್ಟೆ. ನೀವು ಶೇರುದಾರರಲ್ಲ, ಮತ ಇಲ್ಲ, ಕಂಪನಿಯ ಪುಸ್ತಕದಲ್ಲಿ ಹೆಸರಿಲ್ಲ. ವೇದಿಕೆ ಮೂಲಕ ಜನರ ಹತ್ತಿರ ಹೋಗಿದ್ದಕ್ಕೆ ದೆಹಲಿಯ ಕಂಪನಿ ರಿಜಿಸ್ಟ್ರಾರ್ ಕಚೇರಿ 42ನೇ ಸೆಕ್ಷನ್ ಅಡಿ ಕಂಪನಿಗಳಿಗೆ ದಂಡ ಹಾಕಿದ್ದೂ ಇದೆ.

ಪೂರ್ತಿ ಮುಚ್ಚಿಡೋದೇ ಸರಿ ಅಂತ ನನಗನ್ನಿಸೋದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಸ್ಟಾರ್ಟಪ್ ಕಟ್ಟುವವರೂ ಇದ್ದಾರೆ, ಅವರನ್ನು ನಂಬಿ ಹತ್ತು ಸಾವಿರ ಹಾಕಲು ತಯಾರಿರುವವರೂ ಇದ್ದಾರೆ. ಎಸ್ಕ್ರೋ, ಆದಾಯಕ್ಕೆ ತಕ್ಕ ಮಿತಿ, ಓದಲು ಮೂರು ವಾರ, ಇವಿಷ್ಟನ್ನು ಕಡ್ಡಾಯ ಮಾಡಿ ಬಾಗಿಲು ಸ್ವಲ್ಪ ತೆರೆದರೆ ಕಳ್ಳದಾರಿಯಲ್ಲಿ ಹೋಗುವವರು ಕಮ್ಮಿ ಆಗ್ತಾರೆ. ಆದರೆ ಅಲ್ಲಿಯವರೆಗೆ ಇರುವ ಕಾನೂನು ಇರುವಂತೆಯೇ ಇದೆ.

ಇಲ್ಲಿ ಕೂತು ಅಮೆರಿಕದ ವೇದಿಕೆಯಲ್ಲಿ ದುಡ್ಡು ಹಾಕೋಣ ಅಂತ ಕೆಲವರು ಕೇಳ್ತಾರೆ. ವಿದೇಶಕ್ಕೆ ದುಡ್ಡು ಕಳಿಸಲು ಇರುವ ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು, ನಿಜ. ಆದರೆ ಲಿಸ್ಟ್ ಆಗದ ವಿದೇಶಿ ಕಂಪನಿಯ ಶೇರು ಒಂದೇ ಒಂದು ಕೊಂಡರೂ 2022ರ ನಿಯಮದ ಪ್ರಕಾರ ಅದು ಒಡಿಐ, ಅಂದ್ರೆ ವಿದೇಶದಲ್ಲಿ ಮಾಡಿದ ನೇರ ಹೂಡಿಕೆ. ಬ್ಯಾಂಕ್ ಮೂಲಕ ಬೇರೆಯೇ ಫಾರ್ಮ್ ತುಂಬಬೇಕು. ಐಟಿ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು. ಹಾಕೋ ಮುಂಚೆ ಬ್ಯಾಂಕಿನ ಫಾರೆಕ್ಸ್ ವಿಭಾಗದಲ್ಲಿ ಕೇಳಿ.

ಈಗಾಗಲೇ ಇಲ್ಲಿನ ಯಾವುದಾದರೂ ಪ್ರೈವೇಟ್ ಕಂಪನಿಗೆ ಶೇರಿಗೆ ಅಂತ ದುಡ್ಡು ಕೊಟ್ಟಿದ್ದರೆ ಒಂದು ಕೆಲಸ ಮಾಡಿ. ಕಂಪನಿ ವ್ಯವಹಾರ ಸಚಿವಾಲಯದ, ಅಂದ್ರೆ ಎಂಸಿಎ ವೆಬ್‌ಸೈಟಿನಲ್ಲಿ 100 ರೂಪಾಯಿ ಕಟ್ಟಿದರೆ ಯಾವ ಕಂಪನಿಯ ದಾಖಲೆಯನ್ನಾದರೂ ನೋಡಬಹುದು. ಅದರಲ್ಲಿ ಪಿಎಎಸ್-3 ಅನ್ನುವ ಫಾರ್ಮ್ ಹುಡುಕಿ. ಶೇರು ಕೊಟ್ಟ 15 ದಿನದೊಳಗೆ ಕಂಪನಿ ಅದನ್ನು ಸಲ್ಲಿಸಬೇಕು, ಯಾರಿಗೆ ಎಷ್ಟು ಕೊಟ್ಟರು ಅನ್ನುವ ಪಟ್ಟಿ ಅದರ ಜೊತೆಗಿರುತ್ತೆ. ಅದನ್ನು ಸಲ್ಲಿಸುವವರೆಗೆ ನಿಮ್ಮ ದುಡ್ಡನ್ನು ಮುಟ್ಟುವ ಹಕ್ಕೇ ಕಂಪನಿಗೆ ಇಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ದುಡ್ಡು ಕೊಟ್ಟು 60 ದಿನ ಕಳೆದಿದ್ದರೆ, ಕಂಪನಿ ಮುಂದಿನ 15 ದಿನದಲ್ಲಿ ಅದನ್ನು ವಾಪಸ್ ಕೊಡಬೇಕು. ಕೊಡದಿದ್ದರೆ ಆ 60ನೇ ದಿನದಿಂದ ಶೇ 12 ಬಡ್ಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಅವರು ಕಳಿಸಿದ ಮೇಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲವನ್ನೂ ಎತ್ತಿಟ್ಟುಕೊಂಡು ಮೊದಲು ಕಂಪನಿಗೆ ಬರೆಯಿರಿ. ಉತ್ತರ ಬರದಿದ್ದರೆ ಎಂಸಿಎ ವೆಬ್‌ಸೈಟಿನಲ್ಲೇ ರಿಜಿಸ್ಟ್ರಾರ್‌ಗೆ ದೂರು ಕೊಡಬಹುದು.